ಬಾಸೆಲ್ ಮಿಶನ್ ಮತ್ತು ಆನಂದರಾವ್ ಕೌಂಡಿನ್ಯ: ಸಹಭಾಗಿತ್ವದ ಪ್ರಶ್ನೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬಾಸೆಲ್ ಮಿಶನ್ನಿನ ಪ್ರಸ್ತಾಪ ಬಂದಾಗ ಮೋಗ್ಲಿಂಗ್, ವೈಗಲ್, ಕಿಟೆಲ್ ಎಂಬ ಹೆಸರುಗಳನ್ನು ಸ್ಮರಿಸಿ ಮುಂದೆ ಸಾಗುವುದು ರೂಢಿ. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಈ ಸಂಸ್ಥೆ ಕೇವಲ ಲುಥೆರನ್ ಆಗಿರಲಿಲ್ಲ. ಲುಥೆರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡೂ ಅದರಲ್ಲಿ ಕೂಡಿದ್ದವು. ಆದರೆ ಮೋಗ್ಲಿಂಗರಂತಹ ಅನೇಕರು ಬಂದದ್ದು ಲುಥೆರನ್ ಸಭೆಯ ನಾಡಾದ ವ್ಯುರ್ಟೆಂಬರ್ಗಿನಿಂದ. ಹಣ, ಜನ, ಆಜ್ಞೆ ಮೂರೂ ಅಲ್ಲಿಂದ ಇಲ್ಲಿಗೇ ಹರಿದುಬಂದವು. ಎರಡು ಖಂಡಗಳ ಸಭೆಗಳ ಈ ಸಂಬಂಧವನ್ನು ಸಹಭಾಗಿತ್ವವೆನ್ನಬಹುದೆ?

ಹರ್ಮನ್ ಆನಂದರಾವ್ ಕೌಂಡಿನ್ಯರ ಬದುಕನ್ನು ಗಮನಿಸಿದಾಗ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. 1844ರಲ್ಲಿ ಮಂಗಳೂರಿನಲ್ಲಿ ಸ್ನಾನದೀಕ್ಷೆ ಪಡೆದ ಈ ಬ್ರಾಹ್ಮಣ ತರುಣರು 1846ರಲ್ಲಿ ಬಾಸೆಲ್ಲಿಗೆ ತೆರಳಿದರು. ಅಲ್ಲಿನ ವಿದ್ಯಾಲಯದಲ್ಲಿ ಕಲಿತು 1851ರಲ್ಲಿ ಮಿಶನರಿಯಾಗಿಯೇ ಮರಳಿದರು. ಗುರು ಮೋಗ್ಲಿಂಗರ ‘ಹರ್ಮನ್’ ಎಂಬ ಹೆಸರನ್ನು ಧರಿಸಿದರು. ‘ಆನಂದರಾವ್’ ಎಂಬುದನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಕೊಡಗಿನ ಆನಂದಪುರ ಇಂದಿಗೂ ಆ ಹೆಸರನ್ನು ಹೊತ್ತಿದೆ. ಬೋಧನೆಗೆ ಒಳಗಾದವನೇ ಬೋಧಕನಾಗಿ ಸಮಪಂಕ್ತಿಯಲ್ಲಿ ನಿಂತದ್ದು ಆ ಕಾಲಕ್ಕೆ ಅಸಾಧಾರಣ. ಅಂತಹವರು ಬೆರಳೆಣಿಕೆಯಷ್ಟೇ ಎಂಬುದನ್ನೂ ಮರೆಯಲಾಗದು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಹಿಂದೆಯೂ ಇಲ್ಲಿಯ ಪಂಡಿತರ ದುಡಿಮೆಯಿದೆ. ಮುಖಪುಟದಲ್ಲಿರುವುದು ಒಂದೇ ಹೆಸರು. ಕಿಟೆಲ್‌ರ ಹಿರಿಮೆ ಇದರಿಂದ ಕುಂದುವುದಿಲ್ಲ. ನಮ್ಮ ಸಾಹಿತ್ಯ ಚರಿತ್ರೆಕಾರರ ಅನವಧಾನ ಮಾತ್ರ ಎದ್ದು ಕಾಣುತ್ತದೆ.

1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಬಾಸೆಲ್ ಪರಂಪರೆಯ ಕನ್ನಡ ಸಭೆಗಳು ಇಂದು ಅದರ ಅಂಗ. ವ್ಯುರ್ಟೆಂಬರ್ಗಿನೊಡನೆ ಅವುಗಳ ನಂಟು ಈಗ ಸದಸ್ಯ ಸಭೆಗಳ ನಡುವಣದು. ಹಳೆಯ ನಂಟಿನ ದಾಖಲೆಗಳೋ ಬಹುಪಾಲು ಬಾಸೆಲ್ಲಿನ ಪತ್ರಾಗಾರದಲ್ಲಿ, ಹಳೆಯ ಜರ್ಮನ್ ಕೈಬರಹದಲ್ಲಿವೆ. ಓಲೆಗರಿ ಓದಬಲ್ಲ ನಮ್ಮ ಸಂಶೋಧಕರು ಆ ಲಿಪಿಯನ್ನೂ ಕಲಿಯಬೇಕಾಗಿದೆ.