ರಸ್ತೆ ಬದಿಯ ಸೌರ ಗೋಡೆ: ಲೆಕ್ಕ ಕೂಡುತ್ತದೆಯೇ?

ನಮ್ಮ ತರಗತಿಯ ಕಿಟಕಿ ರಸ್ತೆಯ ಕಡೆಗಿದೆ. ಲಾರಿ ಹಾದುಹೋದರೆ ಉಪನ್ಯಾಸಕರ ಅರ್ಧ ವಾಕ್ಯ ಕೇಳಿಸುವುದಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವ ಗೆಳೆಯರು ಉಳಿದರ್ಧವನ್ನು ಊಹಿಸಿಕೊಳ್ಳುತ್ತಾರೆ. ಮನೆಯಲ್ಲಿ ಉರ್ದು ಮಾತನಾಡುವ ನಾನು ಅವರ ನೋಟ್ಸ್ ಇಣುಕಬೇಕು. ಸದ್ದು ತಡೆಯುವ ಗೋಡೆಯ ಬಗ್ಗೆ ನಾನು ಓದತೊಡಗಿದ್ದು ಹೀಗೆ.

ಆ ಗೋಡೆಯೇ ವಿದ್ಯುತ್ತನ್ನೂ ಕೊಟ್ಟರೆ? ಸ್ವಿಟ್ಜರ್ಲೆಂಡಿನ ಎ13 ಹೆದ್ದಾರಿಯಲ್ಲಿ 1989ರಲ್ಲೇ ಸುಮಾರು 100 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಫಲಕಗಳನ್ನು ಶಬ್ದ ತಡೆಗೋಡೆಗೆ ಅಳವಡಿಸಿದರು. ನಮ್ಮ ಬಾದಾಮಿ ಭಾಗಕ್ಕೆ ಇದು ಹೊಂದುತ್ತದೆಯೇ?

ಮೊದಲು ಸದ್ದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಹಗಲಿನ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬೆಲ್, ನಿಶ್ಶಬ್ದ ವಲಯದಲ್ಲಿ 50. ವಾಹನ ಕಣ್ಣಿಗೆ ಮರೆಯಾಗುವಷ್ಟು ಎತ್ತರದ ಗೋಡೆ ಸುಮಾರು 5 ಡೆಸಿಬೆಲ್ ಇಳಿಸುತ್ತದೆ. ಗಾಜಿನ ಫಲಕಕ್ಕೆ ಸದ್ದು ತಡೆಯುವಷ್ಟು ತೂಕವಿದೆ. ಆದರೆ ಸಂದು ಬಿಟ್ಟರೆ ಸದ್ದು ನುಸುಳುತ್ತದೆ. ನುಣುಪಾದ ಗಾಜು ಅದನ್ನು ಎದುರಿನ ಮನೆಗಳಿಗೆ ಮರಳಿಸುತ್ತದೆ. ಮಹಡಿಯ ಕಿಟಕಿಗೆ ಗಿಡ್ಡ ಗೋಡೆಯಿಂದ ಪ್ರಯೋಜನವಿಲ್ಲ.

ಇನ್ನು ಬಿಸಿಲು. ಬಾದಾಮಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ನಡುಹಗಲಲ್ಲಿ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ದಕ್ಷಿಣಕ್ಕೆ ಮುಖ ಮಾಡಿ ನೆಟ್ಟಗೆ ನಿಂತ ಫಲಕಕ್ಕೆ ನೇರ ಬಿಸಿಲೇ ಬೀಳದು. ರಸ್ತೆ ಉತ್ತರ–ದಕ್ಷಿಣವಾಗಿದ್ದರೆ, ಎರಡೂ ಬದಿ ಕೆಲಸ ಮಾಡುವ ಫಲಕ ಬೆಳಿಗ್ಗೆ ಮತ್ತು ಸಂಜೆ ಬಿಸಿಲು ಹಿಡಿಯುತ್ತದೆ.

ಈಗ ನಮ್ಮ ವಾಣಿಜ್ಯ ವಿಭಾಗದ ಕೆಲಸ. ಕೆಳಗಿನ ದರಗಳು ಲೆಕ್ಕಕ್ಕಾಗಿ ನಾನೇ ಹಿಡಿದವು.

100 ಮೀಟರ್ ಉದ್ದ, 2 ಮೀಟರ್ ಎತ್ತರ: 200 ಚದರ ಮೀಟರ್ ಫಲಕ, ಅಂದರೆ ಸುಮಾರು 40 ಕಿಲೋವ್ಯಾಟ್.
ಫಲಕಗಳ ವೆಚ್ಚ: 16 ಲಕ್ಷ ರೂಪಾಯಿ.
ಛಾವಣಿಯ ಮೇಲೆ: ದಿನಕ್ಕೆ 160 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ವರ್ಷಕ್ಕೆ 3,50,400 ರೂಪಾಯಿ. ಹಾಕಿದ ಹಣ ಸುಮಾರು ನಾಲ್ಕೂವರೆ ವರ್ಷದಲ್ಲಿ ವಾಪಸ್.
ಗೋಡೆಯಲ್ಲಿ ಅರ್ಧ ಉತ್ಪಾದನೆ: ವರ್ಷಕ್ಕೆ 1,75,200 ರೂಪಾಯಿ. ಸುಮಾರು ಒಂಬತ್ತು ವರ್ಷ.
ಕಂಬ, ಅಡಿಪಾಯಕ್ಕೆ ಇನ್ನೂ 20 ಲಕ್ಷ ಸೇರಿಸಿದರೆ: ಇಪ್ಪತ್ತು ವರ್ಷ ದಾಟುತ್ತದೆ. ಧೂಳು ಒರೆಸುವ ಕೂಲಿ ಬೇರೆ.

ಹಾಗಾದರೆ ವಿದ್ಯುತ್ತಿಗಾಗಿ ಗೋಡೆ ಕಟ್ಟುವುದು ನಷ್ಟ. ಸದ್ದಿಗಾಗಿ ಗೋಡೆ ಹೇಗಿದ್ದರೂ ಬೇಕೆಂದರೆ, ಆ 20 ಲಕ್ಷವನ್ನು ಫಲಕದ ಖಾತೆಗೆ ಬರೆಯಬಾರದು. ಆಗ ಒಂಬತ್ತು ವರ್ಷದ ಲೆಕ್ಕ ಒಪ್ಪಬಹುದು.

ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭಾ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವನ್ನೇ ನೋಡಿ. ವಟುಗಳು ಕಲಿಯುವ ಜಾಗ, ಶಾಂತಿ ಬೇಕು. ಆದರೆ ಭಕ್ತರಿಗೆ ದಾರಿಯೂ ತೆರೆದಿರಬೇಕು. ಬಾಗಿಲು ಬಿಟ್ಟಲ್ಲೆಲ್ಲ ಸದ್ದು ಒಳಬರುತ್ತದೆ. ಅಂಥ ಕಡೆ ಹಾರ್ನ್ ಮತ್ತು ವೇಗಕ್ಕೆ ಕಡಿವಾಣ ಹಾಕಿ, ಫಲಕಗಳನ್ನು ಛಾವಣಿಗೆ ಏರಿಸುವುದೇ ಮೇಲು.

ನಮ್ಮ ತರಗತಿ ನೆಲಮಹಡಿಯಲ್ಲಿದೆ, ರಸ್ತೆ ಹತ್ತಿರವಿದೆ. ಇಲ್ಲಿ ಗೋಡೆ ಕೆಲಸ ಮಾಡೀತು. ಆದರೂ ಮೊದಲ ಖರ್ಚು ಒಂದು ದಿಕ್ಸೂಚಿ ಮತ್ತು ಶಬ್ದಮಾಪಕದ ಮೇಲಿರಲಿ. ಅಳೆಯಲು ನಾನು ಸಿದ್ಧ. ವಿಜ್ಞಾನ ವಿಭಾಗದವರು ಯಾರು ಬರುತ್ತೀರಿ?