ನರೆಗೂದಲೂ ನೌಕರಿಯೂ

ನನ್ನ ಸೋದರಮಾವನವರು ಬೆಂಗಳೂರಿನಲ್ಲಿ ಇಪ್ಪತ್ತಮೂರು ವರ್ಷ ಕಂಪ್ಯೂಟರುಗಳಿಗೆ ಪ್ರೋಗ್ರಾಮುಗಳನ್ನು ಬರೆದವರು. ಕಳೆದ ವರ್ಷ ಹೊಸ ಕೆಲಸವೊಂದರ ಸಂದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದಾಗ, "ಆ ಕಚೇರಿಯಲ್ಲಿ ನರೆತ ತಲೆ ಒಂದೂ ಕಾಣಲಿಲ್ಲಪ್ಪ. ವಯಸ್ಸಾದವರನ್ನು ಇವರು ಸೇರಿಸಿಕೊಳ್ಳುವುದಿಲ್ಲ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ನೀನು ಭೌತಶಾಸ್ತ್ರದ ಮೇಷ್ಟ್ರು, ಹೇಳು" ಎಂದರು.

ಪ್ರಶ್ನೆ ನ್ಯಾಯವಾದುದು, ಸಾಕ್ಷಿ ಮಾತ್ರ ಸಾಲದು. ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಒಂದು ವೃತ್ತಿಯಲ್ಲಿರುವವರ ಸಂಖ್ಯೆ ಐದೈದು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತಿದೆಯೆಂದೂ, ಸೇರಿದವರಾರೂ ಬಿಟ್ಟುಹೋಗುವುದಿಲ್ಲವೆಂದೂ ಭಾವಿಸೋಣ. ಇಂದು ೧,೦೦೦ ಮಂದಿ ಇದ್ದರೆ, ಐದು ವರ್ಷಗಳ ಹಿಂದೆ ಇದ್ದವರು ೫೦೦. ಹತ್ತು ವರ್ಷಗಳ ಹಿಂದೆ ೨೫೦. ಹದಿನೈದು ವರ್ಷಗಳ ಹಿಂದೆ ೧೨೫. ಎಂದರೆ, ಹದಿನೈದು ವರ್ಷಗಳಿಗೆ ಮೀರಿದ ಅನುಭವವುಳ್ಳವರು ಎಂಟರಲ್ಲಿ ಒಬ್ಬರು ಮಾತ್ರ. ಯಾರೊಬ್ಬರನ್ನೂ ಹೊರಹಾಕದೆಯೇ ಕಚೇರಿಯು ಎಳೆಯರಿಂದ ತುಂಬಿಹೋಗುತ್ತದೆ! ಆದಕಾರಣ ತಲೆಗಳನ್ನು ಎಣಿಸಿದ ಮಾತ್ರಕ್ಕೆ ಪಕ್ಷಪಾತವು ಸಿದ್ಧವಾಗದು. ವಯಸ್ಸಾದವರಿಗೆ ಈ ಕೆಲಸ ಒಗ್ಗದು ಎಂಬ ಎದುರುವಾದವೂ ಅದರಿಂದ ಸಿದ್ಧವಾಗದು.

ಹಾಗಾದರೆ ಅಳೆಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ಮಾಡುವಂತೆ, ಮಿಕ್ಕೆಲ್ಲವನ್ನೂ ಆದಷ್ಟು ಸಮಾನವಾಗಿಟ್ಟು ಒಂದನ್ನೇ ಬದಲಿಸಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ನ್ಯೂಮಾರ್ಕ್ ಮತ್ತು ಅವರ ಇಬ್ಬರು ಸಂಗಡಿಗರು ಹೀಗೆಯೇ ಮಾಡಿ, ಫಲಿತಾಂಶವನ್ನು ೨೦೧೯ರಲ್ಲಿ ಪ್ರಕಟಿಸಿದರು. ಅವರು ಕಲ್ಪಿತ ಅಭ್ಯರ್ಥಿಗಳ ಹೆಸರಿನಲ್ಲಿ ೪೦,೦೦೦ಕ್ಕೂ ಮಿಕ್ಕಿದ ಅರ್ಜಿಗಳನ್ನು ಕಳುಹಿಸಿದರು. ವಯಸ್ಸು ಕೆಲವರದು ೩೦ರ ಆಸುಪಾಸು, ಕೆಲವರದು ೫೦, ಇನ್ನು ಕೆಲವರದು ೬೫. ಬಳಿಕ ಸಂದರ್ಶನದ ಕರೆಗಳನ್ನು ಎಣಿಸಿದರು. ವಯಸ್ಸಾದ ಹೆಂಗಸರಿಗೆ ಕರೆಗಳು ಕಡಿಮೆ ಬಂದುದು ಸ್ಪಷ್ಟವಾಯಿತು. ಗಂಡಸರ ವಿಷಯದಲ್ಲಿ ಫಲಿತಾಂಶ ಅಷ್ಟು ಖಚಿತವಾಗಿರಲಿಲ್ಲ. ಇವು ಗುಮಾಸ್ತೆ, ಅಂಗಡಿಯ ಮಾರಾಟ, ಕಾವಲು ಮುಂತಾದ ಕೆಲಸಗಳೇ ಹೊರತು ಕಂಪ್ಯೂಟರಿನವಲ್ಲ ಎಂಬುದನ್ನು ಮರೆಯಬಾರದು.

ಕಂಪ್ಯೂಟರ್ ಉದ್ಯಮದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋದುದುಂಟು. ೪೦ ವರ್ಷ ತುಂಬಿದವರಿಗೆ ವಯಸ್ಸಿನ ಕಾರಣದಿಂದ ಕೆಲಸ ನಿರಾಕರಿಸಕೂಡದೆಂದು ಅಮೆರಿಕದಲ್ಲಿ ೧೯೬೭ರಲ್ಲಿಯೇ ಕಾನೂನಾಯಿತು. ಅದರ ಆಧಾರದ ಮೇಲೆ ಗೂಗಲ್ ಸಂಸ್ಥೆಯ ವಿರುದ್ಧ ಇನ್ನೂರಕ್ಕೂ ಹೆಚ್ಚು ಅಭ್ಯರ್ಥಿಗಳು ಹೂಡಿದ್ದ ದಾವೆಯು ೨೦೧೯ರಲ್ಲಿ ೧.೧ ಕೋಟಿ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ರಾಜಿಯಾದುದರಿಂದ ಸತ್ಯಾಸತ್ಯದ ತೀರ್ಪೂ ಹೊರಬೀಳಲಿಲ್ಲ.

ವಯಸ್ಸಿನೊಡನೆ ಬುದ್ಧಿಯ ಚುರುಕು ಇಳಿಯುವುದಿಲ್ಲವೆ ಎಂದು ಕೆಲವರು ಕೇಳಬಹುದು. ಒಂದು ಅಂಶ ಇಳಿಯುತ್ತದೆ, ಇನ್ನೊಂದು ಏರುತ್ತದೆ. ಹಾರ್ಟ್‌ಶಾರ್ನ್ ಮತ್ತು ಜರ್ಮೀನ್ ಎಂಬ ಸಂಶೋಧಕರು ೨೦೧೫ರಲ್ಲಿ ತೋರಿಸಿದಂತೆ, ಮಾಹಿತಿಯನ್ನು ಸಂಸ್ಕರಿಸುವ ವೇಗವು ಹದಿನೆಂಟು ಹತ್ತೊಂಬತ್ತರ ಸುಮಾರಿಗೇ ಶಿಖರವನ್ನು ಮುಟ್ಟುತ್ತದೆ. ಶಬ್ದಸಂಪತ್ತಾದರೋ ಅರುವತ್ತು ದಾಟಿದ ಮೇಲೆ. ವೇಗವೇ ಸರ್ವಸ್ವವಾಗಿದ್ದರೆ ಮೂವತ್ತು ದಾಟಿದ ನಾನೂ ಪಾಠ ಹೇಳುವುದನ್ನು ನಿಲ್ಲಿಸಬೇಕಾದೀತು!

ಇಷ್ಟನ್ನೂ ಕೇಳಿದ ಮಾವನವರು, "ಹಾಗಾದರೆ ನನ್ನ ವಿಷಯದಲ್ಲಿ ಏನಾಯಿತೆಂದು ತಿಳಿಯುವುದು ಹೇಗೆ?" ಎಂದರು. ಒಬ್ಬನೇ ಮನುಷ್ಯನು ಏಕಕಾಲದಲ್ಲಿ ಮೂವತ್ತರವನಾಗಿಯೂ ನಲವತ್ತೇಳರವನಾಗಿಯೂ ಅರ್ಜಿ ಹಾಕಲಾರನಷ್ಟೆ. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಅರ್ಜಿಯಲ್ಲಿ ಅವರು ಪದವಿ ಪಡೆದ ವರ್ಷವನ್ನು ಬರೆಯಲಿಲ್ಲ.