ವೈರ್‌ಲೆಸ್ ಕ್ಯಾಮೆರಾಕ್ಕೆ ನಲವತ್ತು ಮೀಟರ್ ವೈರ್

ಸುಲಿದು, ಚೊಗರಲ್ಲಿ ಬೇಯಿಸಿ, ಚಪ್ಪರದ ಮೇಲೆ ಹರವಿದ ಅಡಿಕೆ ಎಂದರೆ ಇಡೀ ವರ್ಷದ ಸಂಬಳವನ್ನು ಬಯಲಲ್ಲಿ ಒಣಹಾಕಿದ ಹಾಗೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಅದರಲ್ಲೂ ನೆರೆಯ ಕೇರಿಯಲ್ಲಿ ಒಂದು ರಾತ್ರಿ ಎರಡು ಚೀಲ ರಾಶಿ ಅಡಿಕೆ ಮಾಯವಾದ ಮೇಲೆ, ಎಪ್ಪತ್ತು ದಾಟಿದ ಅಪ್ಪ ಟಾರ್ಚ್ ಹಿಡಿದು ರಾತ್ರಿಗೆ ಮೂರು ಸಲ ಏಳತೊಡಗಿದರು. ಬೆಂಗಳೂರಲ್ಲಿ ಕೂತ ಮಗ ಏನು ಮಾಡಿಯಾನು? ಒಂದು ವೈಫೈ ಕ್ಯಾಮೆರಾ ಕೊಂಡುಕೊಂಡು ಬಸ್ಸು ಹತ್ತಿದೆ.

ಐದೇ ನಿಮಿಷದಲ್ಲಿ ಸಿದ್ಧ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ನಾಲ್ಕು ಸಲ ಊರಿಗೆ ಹೋಗಿಬರಬೇಕಾಯಿತು.

ಮೊದಲ ಸಂಜೆ ಫೋನಿನ ಪರದೆಯ ಕ್ಯೂಆರ್ ಕೋಡನ್ನು ಕ್ಯಾಮೆರಾದ ಕಣ್ಣಿಗೆ ಹಿಡಿದು ಹಿಡಿದು ಕೈಸೋತಿತು. ಪ್ರತಿ ಸಲವೂ ಡಬ್ಬಿಯೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ‘ಆಗಲಿಲ್ಲ’ ಎನ್ನುತ್ತಿದ್ದಳು. ಅಡುಗೆಮನೆಯಿಂದ ಅಮ್ಮ, ‘ಯಾರದು ಬಂದದ್ದು? ಕಾಫಿ ಇಡ್ಲಾ?’ ಎಂದು ಕೇಳಿದಳು. ವಿಷಯ ಇಷ್ಟೇ: ನಮ್ಮ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಲ್ಲಿ ಬಿತ್ತರಿಸುತ್ತಿತ್ತು. ಫೋನು ಐದರಲ್ಲಿ ಕೂತಿತ್ತು, ಈ ಅಗ್ಗದ ಕ್ಯಾಮೆರಾಕ್ಕೆ 2.4 ಬಿಟ್ಟರೆ ಬೇರೆ ಗೊತ್ತೇ ಇಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಡಬ್ಲ್ಯುಪಿಎ3 ಎಂಬ ಹೊಸ ಭದ್ರತೆಯ ಬದಲು ಡಬ್ಲ್ಯುಪಿಎ2 ಇಟ್ಟೆ. ಹೆಂಗಸು ‘ಆಯಿತು’ ಎಂದಳು. ಜಗಲಿಯಲ್ಲಿ ನಮ್ಮ ನಾಯಿಯ ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು.

ಮಾರನೇ ದಿನ ಅದನ್ನು ಅಡಿಕೆ ಮನೆಯ ಸೂರಿಗೆ ಮೊಳೆ ಹೊಡೆದು ಕೂರಿಸಿದೆ. ಚಿತ್ರ ಹೋಯಿತು. ಅಂಗಡಿಯವನು ಮೋಸ ಮಾಡಿದ ಎಂದು ಬೈದುಕೊಂಡು ಕೆಳಗಿಳಿಸಿ ಜಗಲಿಗೆ ತಂದರೆ ಮತ್ತೆ ನಾಯಿ ಕಾಣಿಸುತ್ತದೆ! ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ನಡೆದು ನೋಡಿದೆ. ಜಗಲಿಯಲ್ಲಿ ಮೈನಸ್ 58, ಅಡಿಕೆ ಮನೆ ಮುಂದೆ ಮೈನಸ್ 84. ನೋಡಲು ಸಣ್ಣ ವ್ಯತ್ಯಾಸ. ಆದರೆ ಈ ಲೆಕ್ಕದಲ್ಲಿ ಹತ್ತು ಇಳಿದರೆ ಬಲ ಹತ್ತನೇ ಒಂದು ಪಾಲಿಗೆ ಬೀಳುತ್ತದೆ. ಇಪ್ಪತ್ತಾರು ಇಳಿದರೆ ಉಳಿಯುವುದು ನಾನೂರನೇ ಒಂದು ಪಾಲು. ನಡುವೆ ಒಂದೂವರೆ ಅಡಿ ದಪ್ಪದ ಎರಡು ಜಂಬಿಟ್ಟಿಗೆ ಗೋಡೆ, ಅದರಾಚೆ ತಗಡಿನ ಮಾಡು. ಅಜ್ಜ ಕಟ್ಟಿಸಿದ ಗೋಡೆ ಕಳ್ಳರನ್ನು ತಡೆಯುತ್ತದೋ ಇಲ್ಲವೋ, ವೈಫೈಯನ್ನಂತೂ ತಡೆಯುತ್ತದೆ.

ಎರಡನೇ ಸಲ ಹೋದಾಗ ರಿಪೀಟರ್ ಹಾಕಿ ನೋಡಿದೆ. ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ವೇಗ ಅರ್ಧಕ್ಕೆ ಇಳಿದು ಚಿತ್ರ ತಡವರಿಸಿತು. ಕೊನೆಗೆ ಸೋಲೊಪ್ಪಿಕೊಂಡು ನಲವತ್ತು ಮೀಟರ್ ಲ್ಯಾನ್ ಕೇಬಲ್ ಎಳೆದು, ಅಡಿಕೆ ಮನೆಯೊಳಗೆ ಹಳೇ ರೌಟರ್ ಒಂದನ್ನು ಇಟ್ಟೆ. ಅಪ್ಪ ಏಣಿ ಹಿಡಿದುಕೊಂಡು, ‘ವೈರಿಲ್ಲದ ಕ್ಯಾಮೆರಾ ಅಂದಿದ್ಯಲ್ಲೋ’ ಎಂದರು. ಆ ತಾಮ್ರದ ಎಳೆ ಮುಂದಿನ ಏಪ್ರಿಲ್‌ನಲ್ಲಿ ಸಿಡಿಲನ್ನೂ ಮನೆಯೊಳಗೆ ಕರೆತಂದು ರೌಟರಿನ ಒಂದು ಕಿಂಡಿಯನ್ನು ಸುಟ್ಟಿತು. ಈಗ ಗುಡುಗು ಕೇಳಿದ ಕೂಡಲೇ ಅಪ್ಪ ಹೋಗಿ ಕಿತ್ತಿಡುತ್ತಾರೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇದಲ್ಲ. ಎಲ್ಲ ಕೂಡಿಬಂದ ಮೇಲೂ ಕ್ಯಾಮೆರಾ ದಿನವೂ ಸಂಜೆ ಆರೂವರೆಗೆ ಸಾಯುತ್ತಿತ್ತು. ಬೆಳಿಗ್ಗೆ ತಾನಾಗಿ ಎದ್ದು ಕೂರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ! ಅಮ್ಮ ಇದಕ್ಕೊಂದು ಕಾರಣ ಕೊಟ್ಟಳು, ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಸೆಟ್ಟಿಂಗ್ ಬದಲಿಸಿದೆ, ಫರ್ಮ್‌ವೇರ್ ಹೊಸತು ಮಾಡಿದೆ, ಬೆಂಗಳೂರಿಂದಲೇ ಫೋನಿನಲ್ಲಿ ಅಪ್ಪನಿಂದ ನಾಲ್ಕು ಸಲ ರೀಸೆಟ್ ಮಾಡಿಸಿದೆ. ಮೂರನೇ ಸಲ ಊರಿಗೆ ಹೋದಾಗ ನಡುಮಧ್ಯಾಹ್ನ, ಸುಮ್ಮನೆ ಹೊಳೆದದ್ದಕ್ಕೆ, ಅಪ್ಪನ ಕಂಬಳಿ ತಂದು ಕ್ಯಾಮೆರಾದ ಮೇಲೆ ಹೊದಿಸಿದೆ. ಕಂಬಳಿಯೊಳಗೆ ತಲೆ ತೂರಿಸಿ ನೋಡುತ್ತ ನಿಂತೆ. ಕಿಟಕ್ ಎಂದು ಸಣ್ಣ ಸದ್ದಾಯಿತು. ಕಣ್ಣಿನ ಸುತ್ತ ಇನ್ಫ್ರಾರೆಡ್ ದೀಪಗಳು ಮಂಕು ಕೆಂಪಾಗಿ ಹೊತ್ತಿದವು, ಮರುಗಳಿಗೆ ಆರಿದವು, ಮತ್ತೆ ಹೊತ್ತಿದವು, ಆರಿದವು. ಕತ್ತಲಾದರೆ ಅದಕ್ಕೆ ಹೆಚ್ಚು ಕರೆಂಟ್ ಬೇಕು, ಸಿಗುತ್ತಿಲ್ಲ!

ತಪ್ಪು ನನ್ನದೇ. ಪ್ಲಗ್ ದೂರ ಇತ್ತೆಂದು 5 ವೋಲ್ಟ್ ಅಡಾಪ್ಟರಿನ ತುದಿಗೆ ಹನ್ನೆರಡು ಮೀಟರ್ ತೆಳು ವೈರ್ ಕಟ್ಟಿದ್ದೆ. ಅರ್ಧ ಚದರ ಮಿಲಿಮೀಟರಿನ ಎಳೆ, ಹೋಗಿ ಬಂದು ಇಪ್ಪತ್ತನಾಲ್ಕು ಮೀಟರ್. ಒಂದು ಆಂಪಿಯರ್ ಹರಿದರೆ ಸುಮಾರು 0.8 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಐದರಲ್ಲಿ ಮುಕ್ಕಾಲು ವೋಲ್ಟು ಹೋದರೆ ಆ ಬಡಪಾಯಿ ನಿಂತೀತು ಹೇಗೆ? 230 ವೋಲ್ಟಿನ ಲೈನನ್ನೇ ಅಲ್ಲಿಗೆ ಒಯ್ದು ಅಡಾಪ್ಟರನ್ನು ಕ್ಯಾಮೆರಾದ ಪಕ್ಕ, ಮಳೆ ಬೀಳದ ಪೆಟ್ಟಿಗೆಯಲ್ಲಿ ಕೂರಿಸಿದೆ. ಅವತ್ತಿನಿಂದ ಸಂಜೆಯ ಸಾವು ನಿಂತಿತು. ಮೂರು ತಿಂಗಳು ಬೈದದ್ದೆಲ್ಲ ಕ್ಯಾಮೆರಾವನ್ನು.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ನಾನು ಮೊದಲಿಂದಲೂ ಹೆದರುಪುಕ್ಕಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಂ ಕಾರ್ಖಾನೆಯಲ್ಲಿ ಇಟ್ಟ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಿಡಿದುಕೊಂಡೇ ಜಗತ್ತಿನ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರುಗಳೊಳಗೆ ನುಗ್ಗಿತ್ತು. ಆ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಾಗಿ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಹಲವರಿಗೆ ಸಿಗದಂತಾದವು. ಇಷ್ಟಾದರೂ ನಮ್ಮ ಕಡೆ ಕ್ಯಾಮೆರಾ ಹಾಕಿಕೊಡುವವನೊಬ್ಬ ಊರಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟಿದ್ದಾನೆ. ನೆಂಟರ ಮನೆಯದ್ದನ್ನು ಮೊದಲ ಪ್ರಯತ್ನಕ್ಕೇ ಊಹಿಸಿದೆ. ನಮ್ಮದಕ್ಕೆ ಉದ್ದದ ಪಾಸ್‌ವರ್ಡ್ ಇಟ್ಟು, ರೌಟರಿನ ಅತಿಥಿ ನೆಟ್‌ವರ್ಕಿನಲ್ಲಿ ಪ್ರತ್ಯೇಕ ಕೂರಿಸಿದ್ದೇನೆ. ಅಮ್ಮನ ತಕರಾರಿಗೆ ಮೈಕ್ ಆಫ್ ಮಾಡಿದೆ. ಅವಳು ತಲೆ ಬಾಚುವ ಜಗಲಿ ತುದಿ ಕಾಣದಂತೆ ಒಂದಿಷ್ಟು ತಿರುಗಿಸಿಯೂ ಕೊಟ್ಟೆ.

ಕಳ್ಳ ಒಮ್ಮೆ ಸಿಕ್ಕಿಯೂ ಸಿಕ್ಕ. ರಾತ್ರಿ ಒಂದು ಗಂಟೆಗೆ ಕೊಪ್ಪೆ ಹೊದ್ದ ಆಕೃತಿಯೊಂದು ಚಪ್ಪರದ ಮೇಲೆ ಬಗ್ಗಿ ಅಡಿಕೆ ಬಾಚುತ್ತಿದ್ದ ದೃಶ್ಯ ಬೆಳಿಗ್ಗೆ ಫೋನಿನಲ್ಲಿ ಕಂಡು ಎದೆ ಝಲ್ಲೆಂದಿತು. ಅಪ್ಪನಿಗೆ ಕರೆ ಮಾಡಿದೆ. ‘ಒಂದು ಗಂಟೆಗೆ ನಾನು ಮಲಗಿದ್ದೆ. ಹತ್ತೂವರೆಗೆ ಹನಿ ಬಿತ್ತು ಅಂತ ಟಾರ್ಪಾಲು ಹೊದಿಸಕ್ಕೆ ಹೋಗಿದ್ದೆ’ ಎಂದರು. ಕ್ಯಾಮೆರಾದ ಗಡಿಯಾರ ಇನ್ನೂ ಚೀನಾದ ಹೊತ್ತಲ್ಲಿತ್ತು, ನಮಗಿಂತ ಎರಡೂವರೆ ಗಂಟೆ ಮುಂದೆ.

ಈಗಿನ ಶತ್ರು ಜೇಡ. ಕಣ್ಣಿಗೆ ಅಡ್ಡ ಬಲೆ ಕಟ್ಟಿದರೆ ರಾತ್ರಿ ಇನ್ಫ್ರಾರೆಡ್ ಬೆಳಕಿಗೆ ಆ ಎಳೆ ಹಗ್ಗದಂತೆ ಬೆಳ್ಳಗೆ ಹೊಳೆಯುತ್ತದೆ, ಗಾಳಿಗೆ ಅಲುಗಿದಾಗಲೆಲ್ಲ ಬೆಂಗಳೂರಲ್ಲಿ ನನ್ನ ಫೋನು ಬಡಿದುಕೊಳ್ಳುತ್ತದೆ. ಅಪ್ಪನಿಗೆ ಹೇಳುತ್ತೇನೆ. ಸ್ವಲ್ಪ ಹೊತ್ತಿಗೆ ಪರದೆಯ ಮೂಲೆಯಲ್ಲಿ ಟಾರ್ಚಿನ ಬೆಳಕು ಬರುತ್ತದೆ, ಆಮೇಲೆ ಅವರ ಕನ್ನಡಕ, ಆಮೇಲೆ ಇಡೀ ಪರದೆ ತುಂಬ ಹಿಡಿಕಡ್ಡಿಯ ಪೊರಕೆ.